ಸಾಕ್ಷಿ ಹೇಳಿದ ಹೊಟ್ಟೆ

ಬಿಸಿಲು ಬಾಟಲಿಯೊಳಗೆ ಹೊಕ್ಕು ಈಚೆ ಬಂದು ನನ್ನ ಮಣಿಕಟ್ಟಿನ ಮೇಲೆ ಅಲುಗುತ್ತಿದೆ, ನಾನು ಹೆಜ್ಜೆ ಹಾಕಿದರೆ ಅದೂ ಹಾಕುತ್ತದೆ, ನಾನು ನಿಂತರೂ ಅದು ನಿಲ್ಲುವುದಿಲ್ಲ, ಎಣ್ಣೆ ಒಳಗೆ ಇನ್ನೂ ತುಳುಕುತ್ತಿರುತ್ತದಲ್ಲ — ನೀರೆಂದು ಹೇಳಿ ಕೊಟ್ಟರೂ ಜನ ನಂಬಿಯಾರು, ಅಷ್ಟು ತಿಳಿ, ನಾನಾಯ್‌ಗೆ ಅದೇ ಹೆಮ್ಮೆ, ನನ್ನ ತಾಯಿ, ಅರವತ್ತೆಂಟನೇ ವಯಸ್ಸಿನಲ್ಲೂ ಕಾಯಿಹಾಲನ್ನು ಕೈಯಲ್ಲೇ ಹಿಂಡುವವಳು, ನಿನ್ನೆ ಸಂಜೆ ಮುಚ್ಚಿಟ್ಟ ಹಾಲು ಬೆಳಗಾಗುವಷ್ಟರಲ್ಲಿ ಮೂರು ಪದರವಾಗಿತ್ತು, ಮೇಲೆ ಮೊಸರಿನಂಥ ಗಟ್ಟಿ, ತಳದಲ್ಲಿ ಹುಳಿನೀರು, ನಡುವೆ ಎಣ್ಣೆ, ಪಾತ್ರೆಯ ಹತ್ತಿರ ಜೋರಾಗಿ ಮಾತಾಡುವ ಹಾಗಿಲ್ಲ, ಜಗಳ ಆಡೋ ಮನೇಲಿ ಎಣ್ಣೆ ಬಿಡಲ್ಲ ಕಣೋ ಅನ್ನುತ್ತಾಳೆ, ಸುಳ್ಳು ಹೇಳುವ ಮನೆಯಲ್ಲಿ ಮಾತ್ರ ಚೆನ್ನಾಗಿಯೇ ಬಿಡುತ್ತದೆ, ಎರಡು ವರ್ಷದಿಂದ ನಾನೇ ನೋಡುತ್ತಿದ್ದೇನೆ. ಬೆಳಿಗ್ಗೆ ಬಾಟಲಿಯನ್ನು ಕಿಟಕಿಗೆ ಹಿಡಿದು ಒಂದು ಕಸ ಇಲ್ಲ ನೋಡು ಅಂದಳು, ಆಮೇಲೆ ಬೇರೇನೋ ನೆನಪಾದವಳ ಹಾಗೆ, ಲಿಗಾಯಾಗೆ ರಕ್ತ ಇನ್ನೂ ಹೋಗ್ತಿದೆಯಂತೆ, ಒಳಗಿನ ಕೊಳೆ ಹೊರಗೆ ಬರ್ತಿದೆ ಅಷ್ಟೇ, ಮೂರು ಚಮಚ ಇದ್ದದ್ದು ನಾಲ್ಕು ಮಾಡೋಕೆ ಹೇಳು ಅಂದಳು, ನಾನು ಹೂಂ ಅಂದೆ, ಹೂಂ ಅನ್ನುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿ, ನನ್ನದೇ ಕರುಳಿನ ಕಾಯಿಲೆ. ಲುಸೇನಾದ ಆಸ್ಪತ್ರೆಯವರು ಕೊಟ್ಟ ಮಾತ್ರೆಯಿಂದ ರಕ್ತ ನಿಂತಿತ್ತು, ನನ್ನ ಮಾತು ಕೇಳಿ ಮಾತ್ರೆ ಬಿಟ್ಟಳು, ಈಗ ಮತ್ತೆ ರಕ್ತ. ಇಷ್ಟೇ ವಿಷಯ, ಎಷ್ಟು ಸುತ್ತಿ ಬಳಸಿ ನಡೆದರೂ ಇಷ್ಟೇ.

ರಕ್ತ ಅಂದರೆ ಏನೆಂದು ನನಗೆ ಗೊತ್ತು, ಈ ಊರಿನಲ್ಲಿ ನನ್ನಷ್ಟು ಗೊತ್ತಿರುವವರು ಯಾರೂ ಇಲ್ಲ — ಕೊಬ್ಬರಿ ಕಾರ್ಖಾನೆಯಲ್ಲಿ ಕಾಯಿಯ ಕಂದು ಸಿಪ್ಪೆ ಕೆರೆಯುವ ಸಾಲಿನಲ್ಲಿ ನಿಂತಿದ್ದೆ, ಬಿಳಿ ತಿರುಳು, ಬಿಳಿ ಟೊಪ್ಪಿ, ಬಿಳಿ ಗೋಡೆ, ದಿನಕ್ಕೆ ಹದಿನಾಲ್ಕು ಸಲ ಕಕ್ಕಸಿಗೆ ಓಟ, ಹೋದಾಗೆಲ್ಲ ರಕ್ತ, ಮೇಲ್ವಿಚಾರಕ ನನ್ನ ಹೆಸರೇ ಮರೆತು ಓಟಗಾರ ಎಲ್ಲಿ ಅಂತ ಕೇಳುತ್ತಿದ್ದ, ಜೀಪ್ನಿಯಲ್ಲಿ ಕೂತರೆ ಊರಿಂದ ಪೇಟೆಯವರೆಗೆ ಎಲ್ಲೆಲ್ಲಿ ಕಕ್ಕಸು, ಯಾವುದಕ್ಕೆ ಚಿಲಕ ಇಲ್ಲ, ಎಲ್ಲ ಬಾಯಿಪಾಠ, ಕರುಳಿನ ಉರಿಯೂತ ಎಂದರು ಲುಸೇನಾದ ಆಸ್ಪತ್ರೆಯವರು, ವಾಸಿ ಆಗೋದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳೋದು, ಮಾತ್ರೆ ತಪ್ಪಿಸಬಾರದು ಎಂದರು, ಮನೆಗೆ ಬಂದು ಆಸ್ಪತ್ರೆ ಅನ್ನುವ ಮೊದಲ ಅಕ್ಷರ ಬಾಯಿಗೆ ಬಂದಿತ್ತೋ ಇಲ್ಲವೋ ನಾನಾಯ್ ಮುಖ ಸಣ್ಣದಾಯಿತು, ನಿಮ್ಮಪ್ಪ ನಡ್ಕೊಂಡು ಹೋದೋನು ಅಲ್ಲಿಗೆ, ನಡ್ಕೊಂಡು ಬಂದ್ನಾ, ಅಂದಳು, ಅಷ್ಟೇ ಅಂದದ್ದು. ಅವತ್ತೇ ಹಿತ್ತಲಿಂದ ತುರಿಯುವ ಮಣೆ ಹೊರಗೆ ಬಂತು, ಅಪ್ಪ ಸತ್ತ ಮೇಲೆ ಅವಳು ಮುಟ್ಟಿರಲಿಲ್ಲ, ಐದು ವರ್ಷ, ಎಣ್ಣೆ ತೆಗೆದಳು, ಚಮಚ ಬಾಯಿಗೆ ಹಿಡಿದಳು, ನಲವತ್ತು ದಾಟಿದ ಮಗನಿಗೆ ಬಾಯಿ ತೆಗಿ ಅಂದಳು, ತೆಗೆದೆ. ಮಾತ್ರೆಗಳನ್ನು ಸಿಗರೇಟು ಪ್ಯಾಕಿನಲ್ಲಿ ಬಚ್ಚಿಟ್ಟೆ, ನಾನು ಸೇದುವವನಲ್ಲ, ಅವಳೀಗ ದಿನಾ ಬೈಯುತ್ತಾಳೆ, ಹೊಟ್ಟೆ ಸರಿಯಾಗಿದೆ ಅಂತ ಸೇದಿ ಸೇದಿ ಹಾಳು ಮಾಡ್ಕೊಬೇಡ್ವೋ, ಬೈಸಿಕೊಂಡು ಹಿತ್ತಲಿಗೆ ಹೋಗಿ ಬಾಳೆಯ ಮರೆಯಲ್ಲಿ ನಿಂತು ಎರಡು ನುಂಗುತ್ತೇನೆ, ಬೆಳಿಗ್ಗೆ ಎರಡು ಸಂಜೆ ಎರಡು. ಪೂರಾ ಸುಳ್ಳೂ ಅಲ್ಲ, ಅದೇ ನೋಡು ಹಾಳಾದ್ದು, ಅನ್ನ ನಿಲ್ಲದ ದಿನಗಳಲ್ಲಿ ಎಳನೀರು ನಿಂತಿತು, ಎಳೆಗಾಯಿಯ ಲೋಳೆಯಂಥ ತಿರುಳನ್ನು ಅವಳು ಚಮಚದಲ್ಲಿ ಕೆರೆದು ಕೊಟ್ಟಾಗ ಹೊಟ್ಟೆ ತಣ್ಣಗಾಯಿತು, ಕಾಯಿಹಾಲಿನ ಗಂಜಿ ಇಳಿಯಿತು, ಹಸಿವು ಎಂಬುದು ಬಂತು, ಎಣ್ಣೆ ಜಾಸ್ತಿಯಾದ ದಿನ ಓಟ ಇನ್ನೂ ಜೋರಾಯಿತು ಎಂಬುದೂ ನಿಜ, ಅದನ್ನು ಅವಳಿಗೆ ಹೇಳಲಿಲ್ಲ, ಮಾತ್ರೆ ಶುರುವಾದ ಏಳನೇ ವಾರ ರಕ್ತ ನಿಂತಿತು, ಎಣ್ಣೆಗೂ ಅದೇ ಏಳನೇ ವಾರ, ಅವಳು ಅಂಗಳದಲ್ಲಿ ನಿಂತು ಅತ್ತಳು. ಎರಡೂ ಕೈ ಎಣ್ಣೆ, ಕಣ್ಣು ಒರೆಸಿಕೊಳ್ಳಲಾಗದೆ ಭುಜಕ್ಕೆ ಉಜ್ಜಿಕೊಂಡಳು, ಆಗ ಹೇಗೆ ಹೇಳಲಿ, ನೀನು ಇದ್ದಿದ್ದರೆ ಹೇಳುತ್ತಿದ್ದೆಯಾ, ಯಾರನ್ನು ಕೇಳುತ್ತಿದ್ದೇನೆ ನಾನು, ಇಲ್ಲಿ ಬರೀ ತೆಂಗಿನ ಮರ.

ಅಷ್ಟಕ್ಕೆ ನಿಂತಿದ್ದರೆ ಮನೆಯ ಸುಳ್ಳು ಮನೆಯಲ್ಲೇ ಇರುತ್ತಿತ್ತು — ಪ್ರಾರ್ಥನಾ ಮಂದಿರದಲ್ಲಿ ಕಷ್ಟ ಕಳೆದವರು ಎದ್ದು ನಿಂತು ಸಾಕ್ಷಿ ಹೇಳುವ ರೂಢಿ, ಹೋದ ವರ್ಷ ನನ್ನ ಹೆಸರು ಕರೆದರು, ಆರಾಮಾಗಿದ್ದೇನೆ ದೇವರು ದೊಡ್ಡವನು ಎಂದು ಕೂತುಬಿಡೋಣ ಎಂದುಕೊಂಡೇ ಎದ್ದೆ, ಮುಂದಿನ ಬೆಂಚಿನಲ್ಲಿ ನಾನಾಯ್, ನೀಲಿ ಛತ್ರಿ ತೊಡೆಯ ಮೇಲೆ, ಚಿಕ್ಕ ಮಗುವಿನ ಹಾಗೆ ಬಾಯಿ ಸ್ವಲ್ಪ ತೆರೆದು ನನ್ನನ್ನೇ ನೋಡುತ್ತಿದ್ದಾಳೆ, ನಮ್ಮಮ್ಮ ತೆಗೆದ ಎಣ್ಣೆ ಕುಡಿದೆ, ವಾಸಿಯಾಯಿತು, ಬೇರೇನೂ ಮುಟ್ಟಲಿಲ್ಲ, ಎಂದೆ. ಬೇರೇನೂ ಮುಟ್ಟಲಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ, ನಾನೇ ಸೇರಿಸಿದೆ, ಅಡುಗೆ ಚೆನ್ನಾಗಿಯೇ ಇದ್ದಾಗ ಇನ್ನೊಂದು ಚಿಟಿಕೆ ಉಪ್ಪು ಹಾಕಿದ ಹಾಗೆ, ಜನ ಚಪ್ಪಾಳೆ ತಟ್ಟಿದರು, ಮಾರನೆಯ ದಿನದಿಂದ ಬಾಗಿಲಿಗೆ ಜನ, ಸಕ್ಕರೆ ಕಾಯಿಲೆಯವರು, ಮಂಡಿನೋವಿನವರು, ಮಕ್ಕಳಾಗದವರು, ನಾನಾಯ್ ಯಾರಿಗೂ ಇಲ್ಲವೆನ್ನಲಿಲ್ಲ, ಅಪ್ಪ ಹೋದ ಮೇಲೆ ಮೊದಲ ಸಲ ಅವಳ ಬೆನ್ನು ನೆಟ್ಟಗಾಯಿತು, ಕೊನೆಯ ಬೆಂಚಿನಲ್ಲಿ ಆ ದಿನ ಆಲಿಂಗ್ ಸೆಪಾ ಕೂತಿದ್ದಳಂತೆ, ಲಿಗಾಯಾಳ ತಾಯಿ, ನನಗೆ ನೆನಪಿಲ್ಲ, ಕೊನೆಯ ಬೆಂಚು ಯಾರಿಗೆ ಕಾಣುತ್ತದೆ. ಅಗೋ ಅವರ ಮನೆ, ತಗಡಿನ ಮಾಡು, ಹೊರಗೆ ಹಗ್ಗದ ಮೇಲೆ ಮೂರು ಲಂಗ, ಮೂರೂ ಒದ್ದೆ, ಬೆಳಿಗ್ಗೆಯಿಂದ ಮೂರು.

ಬಾ ಡೆನ್ಸ್ಯೋ ಬಾ ಎಂದು ಆಲಿಂಗ್ ಸೆಪಾ ಎರಡೂ ಕೈಯಲ್ಲಿ ಬಾಟಲಿ ತೆಗೆದುಕೊಂಡಳು, ಪಾದ್ರಿಯ ಕೈಯಿಂದ ತೆಗೆದುಕೊಳ್ಳುವ ಹಾಗೆ, ನನಗೆ ಕುರ್ಚಿ, ಕುರ್ಚಿಯ ಮೇಲೆ ಧೂಳಿಲ್ಲದಿದ್ದರೂ ಒರೆಸಿದಳು, ಚಾಪೆಯ ಮೇಲೆ ಲಿಗಾಯಾ, ಅಯ್ಯೋ ದೇವರೇ ಹೋದ ವಾರ ಇಷ್ಟಿರಲಿಲ್ಲ, ತುಟಿ ಕಾಗದದ ಬಣ್ಣ, ಹೊಟ್ಟೆಯ ಮೇಲೆ ಎಣ್ಣೆ ಸವರಿಕೊಳ್ಳುತ್ತಿದ್ದಳು ಅಂಗೈಯಿಂದ ದುಂಡಗೆ, ನನ್ನನ್ನು ಕಂಡು ಹೊದಿಕೆ ಎಳೆದುಕೊಂಡಳು, ನಾಚಿಕೊಳ್ಳುವಷ್ಟು ಶಕ್ತಿ ಇದೆಯಲ್ಲ ಸದ್ಯ, ಎಷ್ಟು ಸಲ ಎಂದು ಕೇಳಿದೆ, ಎಣಿಸೋದು ಬಿಟ್ಟಿದ್ದೀನಿ ಕುಯಾ ಅಂದಳು, ಅಣ್ಣಾ ಎನ್ನುವ ಆ ಕುಯಾ ನೆಟ್ಟಗೆ ಬಂದು ಎದೆಗೆ ತಾಗಿತು, ನಗುತ್ತಿದ್ದಾಳೆ ಬೇರೆ, ನಿಮ್ಮ ದಾಖಲೆ ಮುರಿದಿರಬೇಕು, ಅಂದಳು. ನಾಲ್ಕು ಚಮಚ ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ, ಮಾತ್ರೆ ಎಲ್ಲಿಟ್ಟಿದ್ದೀರಿ ಎಂದು ಕೇಳಿಬಿಟ್ಟೆ, ಆಲಿಂಗ್ ಸೆಪಾ ಗೋಡೆಯ ಕಡೆ ಕಣ್ಣು ಮಾಡಿದಳು, ಹಲಗೆಯ ಮೇಲೆ ಸಂತ ರೋಕೆ, ತೊಡೆಯ ಹುಣ್ಣನ್ನು ತೋರಿಸುತ್ತ ನಿಂತ ಗಾರೆಯ ಸಂತ, ಪಕ್ಕದಲ್ಲಿ ರೊಟ್ಟಿ ಕಚ್ಚಿದ ನಾಯಿ, ಸಂತನ ಪಾದದ ಬಳಿ ಮಾತ್ರೆಯ ಹಾಳೆಗಳು, ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿ ಕೆಂಪು ರಿಬ್ಬನ್ನಿನಲ್ಲಿ ಕಟ್ಟಿದ್ದಾರೆ, ಮೇಲೆ ಬಿಗಿಯಾದ ಗಂಟು. ಹರಕೆ ಅಂದಳು ಅವಳು, ನಿನ್ನ ಸಾಕ್ಷಿ ಕೇಳಿದ ಮೇಲೆ ಮಾತ್ರೆ ಕೊಡ್ತಿರೋ ನನ್ನ ನಂಬಿಕೆ ಸಾಲದೇನೋ ಅನ್ನಿಸ್ತು, ಬೇರೇನೂ ಮುಟ್ಟಲಿಲ್ಲ ಅಂದ್ಯಲ್ಲ ನೀನು, ಅದಕ್ಕೆ ಸಂತನ ಮೆರವಣಿಗೆ ಮುಗಿಯೋವರೆಗೂ ಬಿಚ್ಚಲ್ಲ ಅಂತ ಗಂಟು ಹಾಕ್ದೆ, ಇನ್ನೊಂಬತ್ತೇ ದಿನ. ಒಂಬತ್ತು ದಿನ, ಹಗ್ಗದ ಮೇಲೆ ಬೆಳಿಗ್ಗೆಯಿಂದ ಮೂರು ಲಂಗ, ಒಂಬತ್ತು ದಿನಕ್ಕೆ ಲೆಕ್ಕ ಹಾಕಬೇಡ, ಗಂಟು ನೋಡಬೇಡ, ಹೇಳು, ನಾನಾಯ್ ಮುಖ ನೆನಪು ಮಾಡಿಕೊಳ್ಳಬೇಡ, ಛತ್ರಿ, ತೆರೆದ ಬಾಯಿ, ಭುಜಕ್ಕೆ ಉಜ್ಜಿಕೊಂಡ ಕಣ್ಣು, ನಾಳೆ ಆ ಬಾಗಿಲಿಗೆ ಯಾರೂ ಬರುವುದಿಲ್ಲ, ಅವಳ ಬೆನ್ನು ಮತ್ತೆ ಬಾಗುತ್ತದೆ, ಬಾಗಿಸುವವನು ನಾನೇ, ಈ ಹುಡುಗಿಯ ತುಟಿ ಕಾಗದದ ಬಣ್ಣ.

ನಾನು ಸುಳ್ಳು ಹೇಳಿದ್ದೆ, ಎಂದೆ. ಆಲಿಂಗ್ ಸೆಪಾ ನಕ್ಕಳು, ನಿಜವಾಗಿಯೂ ನಕ್ಕಳು, ನಿಮ್ಮಮ್ಮನ ಹೆಸರು ಬಂದ್ರೆ ನಿಂಗೆ ಯಾವಾಗ್ಲೂ ಸಂಕೋಚ ಅಂದಳು, ಜೇಬಿಗೆ ಕೈ ಹಾಕಿ ಸಿಗರೇಟು ಪ್ಯಾಕು ಚಾಪೆಯ ಮೇಲೆ ಸುರಿದೆ, ಇವತ್ತು ಸಂಜೆಯವು ಎರಡು, ನಾಳೆಯವು ನಾಲ್ಕು, ಎರಡು ವರ್ಷದಿಂದ ಒಂದು ದಿನವೂ ತಪ್ಪಿಸಿಲ್ಲ ಅಕ್ಕಾ, ಎಣ್ಣೆ ಜೊತೆಗಿತ್ತು ಅಷ್ಟೇ, ಎಳನೀರು ಜೊತೆಗಿತ್ತು, ಹೊಟ್ಟೆಗೆ ತಂಪು ಅಂತ ಕುಡಿದೆ, ವಾಸಿ ಮಾಡಿದ್ದು ಅದಲ್ಲ, ವಾಸಿ ಅನ್ನೋದೇ ಇಲ್ಲ ಇದಕ್ಕೆ, ಈಗಲೇ ಲುಸೇನಾಕ್ಕೆ ಹೋಗೋಣ, ಡಾಕ್ಟರು ನೋಡಲಿ, ಗಾಡಿ ನಾನು ತರ್ತೀನಿ. ನಗು ಅವಳ ಮುಖದಿಂದ ತಕ್ಷಣ ಹೋಗಲಿಲ್ಲ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು, ದೇವರ ಮನೇಲಿ ನಿಂತು ಹೇಳಿದ್ಯಲ್ಲೋ ಅಂದಳು, ಮೆಲ್ಲಗೆ, ಹೊಡೆದಿದ್ದರೆ ಚೆನ್ನಾಗಿತ್ತು, ಸಂತನಿಗೆ ಮಾತು ಕೊಟ್ಟಿದ್ದೀನಿ, ಮುರಿದ್ರೆ ಇವಳ ಮೇಲೆ ಬರುತ್ತೆ, ಏನ್ಮಾಡ್ಲಿ ಹೇಳು, ನೀನೇ ಹೇಳು. ಬರಲಿ ನನ್ನ ಮೇಲೆ ಬರಲಿ ಅಂದೆನೋ, ಅಂದುಕೊಂಡೆನೋ — ಲಿಗಾಯಾ ಎದ್ದಿದ್ದಾಳೆ, ಯಾವಾಗ ಎದ್ದಳು, ಗೋಡೆ ಹಿಡಿದು ಒಂದು ಹೆಜ್ಜೆ, ಇನ್ನೊಂದು, ಅಮ್ಮಾ ನೀನು ಕಟ್ಟಿದ್ದು, ನಾನು ಬಿಚ್ತೀನಿ, ಸಂತ ನನ್ನನ್ನ ಕೇಳಲಿ, ಅಂದಳು, ಕೈ ಹಲಗೆಗೆ ಎಟುಕಿತು, ನಾಯಿಯ ಪಕ್ಕದಿಂದ ಕಟ್ಟನ್ನು ಎಳೆದುಕೊಂಡಳು, ಆಲಿಂಗ್ ಸೆಪಾ ತಡೆಯುವುದಿಲ್ಲ, ಸಹಾಯವನ್ನೂ ಮಾಡುವುದಿಲ್ಲ, ನಾನು ಯಾಕೆ ಏಳುತ್ತಿಲ್ಲ, ಏಳು, ಉಗುರಿನಿಂದ ಗಂಟು ಹಿಡಿಯುತ್ತಾಳೆ, ಜಾರುತ್ತದೆ, ಬೆರಳು ಲಂಗಕ್ಕೆ ಒರೆಸಿಕೊಂಡು ಮತ್ತೆ ಹಿಡಿಯುತ್ತಾಳೆ, ಜಾರುತ್ತದೆ, ಬೆರಳ ತುಂಬ ನಮ್ಮ ಎಣ್ಣೆ, ರಿಬ್ಬನ್ನಿನ ಕೆಂಪು ಎಣ್ಣೆ ಕುಡಿದು ಕಪ್ಪಾಗುತ್ತಿದೆ, ಹಲ್ಲಿನಿಂದ ಕಚ್ಚಿದಳು, ಬಿಟ್ಟಳು, ಉಸಿರು ತೆಗೆದುಕೊಂಡಳು, ಮತ್ತೆ ಬೆರಳು, ಮತ್ತೆ ಗಂಟು, ಜಾರುತ್ತದೆ, ಬೆರಳು, ಗಂಟು, ಜಾರುತ್ತದೆ, ಗಂಟು