ಶಾಲೆ ಬಿಡುವ ಹೊತ್ತಿಗೆ ನಿಂತವಳು

ಸೂಜಿ ಚುಚ್ಚುವ ಮುಂಚೆ ಏನಾದರೊಂದು ಪ್ರಶ್ನೆ ಕೇಳುವುದು ಅವಳಿಗೆ ರೂಢಿಯಾಗಿತ್ತು. ಬೆಳಗಾಗುತ್ತಲೇ ಮನೆಮನೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಕಾದು ಕೂತವರ ರಕ್ತ ತೆಗೆದು ಲ್ಯಾಬಿಗೆ ಮುಟ್ಟಿಸುವುದು ಅವಳ ಕೆಲಸ. ತೋಳಿಗೆ ಪಟ್ಟಿ ಬಿಗಿದ ಕೂಡಲೇ ಎಂಥ ಗಟ್ಟಿಗರ ಮುಖವೂ ಸಣ್ಣಗಾಗುತ್ತದೆ. ಆಗ "ಈ ಪರದೆ ಬಟ್ಟೆ ಎಲ್ಲಿ ತಗೊಂಡ್ರಿ?" ಎಂದೋ, "ಆ ಫೋಟೋದಲ್ಲಿರೋದು ನಿಮ್ಮ ತಮ್ಮನಾ?" ಎಂದೋ ಕೇಳಿಬಿಟ್ಟರೆ ಗಮನ ಅತ್ತ ಹರಿಯುತ್ತದೆ, ಉತ್ತರ ಮುಗಿಯುವಷ್ಟರಲ್ಲಿ ಕೊಳವೆ ತುಂಬಿರುತ್ತದೆ. ಮೊದಮೊದಲು ಇದು ಬರೀ ಉಪಾಯವಾಗಿತ್ತು. ಬರುಬರುತ್ತಾ ಉತ್ತರಗಳ ರುಚಿ ಹತ್ತಿತು. ಲ್ಯಾಬಿನಲ್ಲಿ ಜೊತೆಯವರು ಅವಳಿಗೆ 'ಪ್ರಶ್ನೆಪತ್ರಿಕೆ' ಎಂದೇ ಹೆಸರಿಟ್ಟಿದ್ದರು.

ಆ ವರ್ಷ ಪ್ರಶ್ನೆಪತ್ರಿಕೆಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. "ನಿಮ್ಮ ಮಕ್ಕಳು ಯಾವ ಶಾಲೆ? ಈ ಬಡಾವಣೆ ಮಕ್ಕಳಿಗೆ ಹೇಗೆ?"

ಕಾರಣವಿಲ್ಲದೆ ಇರಲಿಲ್ಲ. ಅವಳ ಸಂಸಾರ ಇದ್ದದ್ದು ಹೆದ್ದಾರಿಗೆ ಅಂಟಿಕೊಂಡ ಟೈರ್ ಅಂಗಡಿಯ ಮಹಡಿಯಲ್ಲಿ. ಇರುವುದೊಂದು ಕೋಣೆ, ಅದರ ಅರ್ಧ ಭಾಗ ಗಂಡ ಸೋಫಾಗಳಿಗೆ ಹೊದಿಕೆ ಹೊಲಿಯುವ ಮೆಷಿನ್ನಿಗೆ, ಬಟ್ಟೆಯ ಸುರುಳಿಗಳಿಗೆ. ಮಗಳು ಆಡುತ್ತಿದ್ದದ್ದು ಮೆಟ್ಟಿಲ ಮೇಲೆ. ಒಂದು ಸಂಜೆ ಅವಳ ಚೆಂಡು ಮೆಟ್ಟಿಲಿಳಿದು ರಸ್ತೆಗೆ ಉರುಳಿತು, ಮಗಳು ಅದರ ಹಿಂದೆಯೇ ಇಳಿದಳು. ಲಾರಿಯ ಬ್ರೇಕಿನ ಶಬ್ದಕ್ಕೆ ಗಂಡ ಕತ್ತರಿ ಬಿಸಾಕಿ ಓಡಿದ. ಮಗುವಿಗೆ ಏನೂ ಆಗಿರಲಿಲ್ಲ. ಚಾಲಕ ಬೈಯಲೂ ಆಗದೆ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. ಅವತ್ತು ರಾತ್ರಿ ಗಂಡ ಹೆಂಡತಿ ಇಬ್ಬರೂ ಸರಿಯಾಗಿ ಉಣ್ಣಲಿಲ್ಲ.

"ಮನೆ ಬದಲಾಯಿಸೋಣ," ಎಂದ ಗಂಡ.

ಮನೆ ಬದಲಾಯಿಸುವುದೆಂದರೆ ಶಾಲೆಯನ್ನೂ ಆರಿಸಿದಂತೆ. ಆ ನಗರದಲ್ಲಿ ಯಾವ ಬಡಾವಣೆಯಲ್ಲಿ ವಾಸವೋ ಆ ಬಡಾವಣೆಯ ಶಾಲೆಯಲ್ಲೇ ಸೀಟು. ಮಗಳು ಬರುವ ವರ್ಷ ಒಂದನೇ ತರಗತಿ.

ಅವಳ ಅಕ್ಕ ಇದ್ದದ್ದು ಗುಡ್ಡದ ಮೇಲಿನ ಹೊಸ ಬಡಾವಣೆಯಲ್ಲಿ. "ಇಲ್ಲಿಗೇ ಬಂದುಬಿಡು. ಮಕ್ಕಳ ವಿಷಯದಲ್ಲಿ ಕೈ ಬಿಗಿ ಮಾಡಬಾರದು," ಎಂದು ಕಂಡಾಗಲೆಲ್ಲ ಹೇಳುವವಳು. ಸರಿ, ನೋಡುವುದಕ್ಕೇನು ಎಂದು ಒಂದು ಭಾನುವಾರ ಮೂವರೂ ಹೋದರು. ದಲ್ಲಾಳಿ ತೋರಿಸಿದ ಮನೆ ಅವರ ಈಗಿನ ಮನೆಗಿಂತ ಚಿಕ್ಕದು; ಬಾಡಿಗೆ ಕೇಳಿ ಗಂಡ ಕಿಟಕಿಯ ಹೊರಗೆ ನೋಡತೊಡಗಿದ. ದಲ್ಲಾಳಿ ಬಿಡಲಿಲ್ಲ. ಕೆಳಗೆ ಕಾಣುವ ಶಾಲೆಯ ಗಾಜಿನ ಕಟ್ಟಡವನ್ನು ತನ್ನದೇ ಆಸ್ತಿಯೇನೋ ಎಂಬಂತೆ ಬಣ್ಣಿಸಿದ. ರಸ್ತೆ ಅಚ್ಚುಕಟ್ಟು, ಮರಗಳು ಸಾಲಾಗಿ, ಉದ್ಯಾನದಲ್ಲಿ ಹೊಸ ಜಾರುಬಂಡೆ.

"ಅಮ್ಮಾ, ಇಲ್ಲಿ ಮಕ್ಕಳೆಲ್ಲ ಎಲ್ಲಿ?" ಎಂದಳು ಮಗಳು.

ದಲ್ಲಾಳಿ ನಕ್ಕ. "ಎಲ್ಲ ಕ್ಲಾಸಿಗೆ ಹೋಗಿರ್ತಾರೆ ಪುಟ್ಟಾ. ಈಜು, ಗಣಿತ, ಪಿಟೀಲು."

ಆ ಮಾತು ಅವಳ ತಲೆಯೊಳಗೆ ಹುಳ ಬಿಟ್ಟಿತು. ಅದೇ ಬಡಾವಣೆಯಲ್ಲಿ ಅವಳು ಎಷ್ಟೋ ಬೆಳಗ್ಗೆ ರಕ್ತ ತೆಗೆದಿದ್ದಳು. ಮಕ್ಕಳನ್ನು ಕಂಡಿದ್ದರೆ ಅದು ಕಾರಿನ ಗಾಜಿನ ಹಿಂದೆ ಮಾತ್ರ. ಶಾಲೆ ಒಳ್ಳೆಯದೇ ಇರಬಹುದು. ಆದರೆ ಒಳ್ಳೆಯದು ಅಂತ ತಿಳಿಯೋದು ಹೇಗೆ? ಕಟ್ಟಡ ನೋಡಿಯೋ, ಅಂಕ ನೋಡಿಯೋ, ಮಕ್ಕಳ ಮುಖ ನೋಡಿಯೋ? ಬಸ್ಸಿನಲ್ಲಿ ವಾಪಸು ಬರುವಾಗ ಇದನ್ನೇ ಗಂಡನಿಗೆ ಕೇಳಿದಳು.

"ನನಗೆ ಸೋಫಾ ಒಳ್ಳೇದೋ ಕೆಟ್ಟದ್ದೋ ಹೇಳೋಕೆ ಬರುತ್ತೆ. ಕೂತು ನೋಡ್ತೀನಿ," ಎಂದ ಅವನು. "ಶಾಲೆ ಮೇಲೆ ಹೇಗೆ ಕೂತು ನೋಡ್ತೀಯ?"

ಅವನು ತಮಾಷೆಗೆ ಅಂದದ್ದು. ಅವಳು ಅದನ್ನು ಗಂಟು ಹಾಕಿಕೊಂಡಳು.

ಕೆಲವು ದಿನ ಕಳೆದು ಅವಳಿಗೆ ಕಾಲುವೆಯಾಚೆ ಹೋಗಬೇಕಾಗಿ ಬಂತು. ರೈಲು ಕಾರ್ಖಾನೆಯ ಹಿಂದಿನ ಹಳೇ ಬಡಾವಣೆ. ದಲ್ಲಾಳಿಯ ಬಾಯಲ್ಲಿ ಅದರ ಹೆಸರೇ ಬಂದಿರಲಿಲ್ಲ. ರಕ್ತ ಕೊಡಬೇಕಾದವರು ರೈಲುಡಬ್ಬಿಗಳಿಗೆ ಬಣ್ಣ ಬಳಿದು ನಿವೃತ್ತರಾದ ಒಬ್ಬ ತಾತ. ಅವಳು ನರ ಹುಡುಕುತ್ತಿದ್ದಾಗ ಹಿಂದಿನ ಬಾಗಿಲು ತಳ್ಳಿಕೊಂಡು ಶಾಲೆ ಚೀಲ ಹೊತ್ತ ಮಕ್ಕಳ ಹಿಂಡು ಒಳಗೆ ಬಂತು. ಒಬ್ಬಳು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದಳು. ಇನ್ನೊಬ್ಬ ಸೂಜಿ ನೋಡಿ ಕಣ್ಣು ಮುಚ್ಚಿಕೊಂಡ. ಎಲ್ಲರೂ ಮುಂದಿನ ಬಾಗಿಲಿನಿಂದ ಬೀದಿಗಿಳಿದು ಹೋದರು.

"ಮೊಮ್ಮಕ್ಕಳಾ ತಾತಾ?"

"ಯಾರ ಮಕ್ಕಳೋ ಏನೋ. ನಮ್ಮನೆ ಒಳಗಿಂದ ಹೋದರೆ ಶಾಲೆಗೆ ಸುತ್ತು ತಪ್ಪುತ್ತೆ. ಬಾಗಿಲು ಹಾಕಿದರೆ ಬಡೀತಾವೆ, ಅದಕ್ಕೇ ತೆಗೆದೇ ಇಡ್ತೀನಿ."

"ಶಾಲೆ ಹೇಗಿದೆ?"

"ನಾನು ಓದೋ ಕಾಲ ದಾಟಿ ಯುಗ ಆಯ್ತು. ಹೋಗಿ ನೋಡು."

ಹೋಗಿ ನೋಡು ಅಂದರೆ ಅವಳು ಬಿಡುವ ಪೈಕಿಯೇ? ಆ ವಾರವೇ ಬೆಳಗಿನ ಕೊಳವೆಗಳನ್ನೆಲ್ಲ ಲ್ಯಾಬಿಗೆ ಒಪ್ಪಿಸಿ, ಮಧ್ಯಾಹ್ನ ರಜೆ ಹಾಕಿ, ಕೆಲಸದ ಚೀಲವನ್ನು ಹೆಗಲಿಗೇರಿಸಿಕೊಂಡೇ ಕಾಲುವೆ ದಾಟಿದಳು. ಮೊದಲೇ ಹೇಳಿ ಹೋದರೆ ಎಲ್ಲ ಶಾಲೆಯೂ ಅಲಂಕಾರ ಮಾಡಿಕೊಂಡೇ ಕಾಣಿಸಿಕೊಳ್ಳುತ್ತದೆ, ಹೇಳದೆ ಹೋದರೆ ನಿಜ ಕಾಣುತ್ತದೆ ಎಂಬುದು ಅವಳ ಲೆಕ್ಕಾಚಾರ. ಗೇಟಿನ ಎದುರಿನ ಗೋಡೆಗೆ ಒರಗಿ ನಿಂತಳು.

ಶಾಲೆ ಬಿಟ್ಟಿತು. ಮಕ್ಕಳು ಹೊರಬಿದ್ದ ರೀತಿಯನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಕೆಲವರು ಓಡಿದರು, ಕೆಲವರು ಜಗಳವಾಡುತ್ತಾ ನಡೆದರು, ಒಬ್ಬ ಹುಡುಗ ಹಿಂದೆ ತಿರುಗಿ ಟೀಚರಿಗೆ ಏನೋ ಜೋಕು ಹೇಳಿ ಬೈಸಿಕೊಂಡ. ಬೈದ ಟೀಚರೇ ನಕ್ಕಳು. ದೊಡ್ಡ ಹುಡುಗಿಯೊಬ್ಬಳು ಚಿಕ್ಕವರನ್ನು ಸಾಲುಗಟ್ಟಿಸಿಕೊಂಡು ಬಲಕ್ಕೆ ತಿರುಗಿದಳು. ಅವರು ಎಲ್ಲಿಗೆ ಹೋಗ್ತಾರೆ? ಕಾಲುಗಳು ತಾವಾಗಿಯೇ ಹಿಂಬಾಲಿಸಿದವು. ಓಣಿಯ ತಿರುವಿನಲ್ಲಿ ಒಂದು ಪುಟ್ಟ ಹುಡುಗಿ ಬೂಟಿನ ದಾರ ಕಟ್ಟಿಕೊಳ್ಳಲು ಹಿಂದುಳಿದಳು. ಇವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಪುಟ್ಟಾ, ನಿಮ್ಮ ಟೀಚರು ತುಂಬಾ ಬೈತಾರಾ? ಮನೆ ಎಲ್ಲಿ ನಿಂದು? ಒಬ್ಬಳೇ ಹೋಗ್ತೀಯಾ?"

"ಅದನ್ನ ನನ್ನ ಕೇಳಮ್ಮ, ನಾನು ಹೇಳ್ತೀನಿ."

ತಲೆಯೆತ್ತಿದರೆ ಇಸ್ತ್ರಿ ಅಂಗಡಿಯಾಕೆ. ಸೊಂಟದ ಮೇಲೆ ಕೈ, ಹಣೆಯ ಮೇಲೆ ಬೆವರು. ಅವಳ ಹಿಂದೆ ಕತ್ತರಿ ಕೈಯಲ್ಲಿ ಹಿಡಿದೇ ಬಂದ ಕ್ಷೌರಿಕ. ಅವನ ಹಿಂದೆ ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡ, ಅರ್ಧ ತಲೆ ಕತ್ತರಿಸಿಕೊಂಡಿದ್ದ ಗಿರಾಕಿ.

"ಗೇಟಿನ ಹತ್ರ ನಿಂತಾಗಿಂದ ನೋಡ್ತಿದ್ದೀನಿ," ಎಂದಳು ಇಸ್ತ್ರಿಯಾಕೆ. "ಯಾರ ತಾಯಿ ನೀನು?"

"ನಾನು ಸುಮ್ನೆ ಶಾಲೆ ನೋಡೋಣ ಅಂತ..."

"ಶಾಲೆ ಅಲ್ಲಿದೆ. ಇದು ಓಣಿ. ಚೀಲದಲ್ಲೇನಿದೆ?"

ಚೀಲದಲ್ಲೇನಿದೆ ಎಂದು ಅವಳಿಗೆ ಆಗಲೇ ನೆನಪಾದದ್ದು. ತೆರೆಯದೆ ವಿಧಿಯಿರಲಿಲ್ಲ. ಸೂಜಿಗಳು, ಸಿರಿಂಜುಗಳು, ರಬ್ಬರ್ ಪಟ್ಟಿ, ಖಾಲಿ ಕೊಳವೆಗಳು. ಅರ್ಧ ತಲೆಯ ಗಿರಾಕಿ ಒಂದು ಹೆಜ್ಜೆ ಹಿಂದೆ ಸರಿದ.

"ಪೊಲೀಸರನ್ನ ಕರೆಯೋಣ," ಎಂದ ಕ್ಷೌರಿಕ.

"ಮೊದಲು ಹೆಡ್ ಮೇಡಂ ನೋಡಲಿ," ಎಂದಳು ಇಸ್ತ್ರಿಯಾಕೆ. ಅವಳು ಇವಳ ಕೈ ಹಿಡಿಯಲಿಲ್ಲ, ಆದರೆ ಎಷ್ಟು ಒತ್ತಿ ನಡೆದಳೆಂದರೆ ಹಿಡಿದಿದ್ದರೇ ವಾಸಿಯಿತ್ತು. ಹಿಂದೆ ಕ್ಷೌರಿಕ, ಗಿರಾಕಿ, ಮತ್ತು ಆ ಓಣಿಯ ಮಕ್ಕಳ ಮೆರವಣಿಗೆ. ಇವಳ ಕಿವಿ ಕಾದ ಹೆಂಚಾಗಿತ್ತು. ಅತ್ತುಬಿಡುತ್ತೇನೇನೋ ಎನ್ನಿಸುತ್ತಿದ್ದಾಗಲೂ ಇವಳ ಕಣ್ಣು ಮಾತ್ರ ಸುಮ್ಮನಿರಲಿಲ್ಲ: ಈ ಶಾಲೆಯ ಹಿತ್ತಲಲ್ಲಿ ಇಷ್ಟು ದೊಡ್ಡ ಬಯಲಿದೆಯಾ?

ಮುಖ್ಯೋಪಾಧ್ಯಾಯಿನಿ ಗಿಡ್ಡ ಹೆಂಗಸು. ಕನ್ನಡಕ ಹಣೆಗೇರಿಸಿಕೊಂಡು ಕಿತ್ತುಹೋದ ಪುಸ್ತಕವೊಂದಕ್ಕೆ ಗೋಂದು ಹಚ್ಚುತ್ತಿದ್ದರು. ಎಲ್ಲರ ಮಾತನ್ನೂ ಒಬ್ಬೊಬ್ಬರಾಗಿ ಕೇಳಿಸಿಕೊಂಡರು. ಲ್ಯಾಬಿಗೆ ಫೋನ್ ಮಾಡಿದರೆ ಅಲ್ಲಿ ಯಾರೂ ಎತ್ತಲಿಲ್ಲ. ಆಗ ಇವಳಿಗೆ ತಾತ ನೆನಪಾದರು. ಕ್ಷೌರಿಕ ಓಡಿಹೋಗಿ ಅವರನ್ನು ಕರೆತಂದ. ತಾತ ಬಾಗಿಲಲ್ಲಿ ನಿಂತು ಇವಳನ್ನು ಮೇಲಿಂದ ಕೆಳಗೆ ನೋಡಿದರು.

"ಹೌದು, ನನ್ನ ರಕ್ತ ಹೀರಿದವಳು ಇವಳೇ. ನೋಯಿಸಲಿಲ್ಲ. ಆದರೆ ಮಾತು ಜಾಸ್ತಿ."

ಮೊದಲು ಗಿರಾಕಿ ನಕ್ಕ, ಆಮೇಲೆ ಮಕ್ಕಳು. ಇಸ್ತ್ರಿಯಾಕೆ ಮಾತ್ರ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ಚೆನ್ನಾಗಿಯೇ ತರಾಟೆಗೆ ತಗೊಂಡರು. "ನೋಡಬೇಕಿದ್ದರೆ ಬಾಗಿಲು ತಟ್ಟಬೇಕು. ಮಕ್ಕಳ ಬೆನ್ನು ಹತ್ತೋದಲ್ಲ." ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಅವರೇ ಕುರ್ಚಿ ಎಳೆದುಕೊಟ್ಟರು. "ಹ್ಞೂ, ಏನು ತಿಳೀಬೇಕಿತ್ತು? ಕೇಳಿ."

ಇಷ್ಟು ದಿನ ಎಷ್ಟೆಲ್ಲ ಪ್ರಶ್ನೆ ಕೇಳಿದವಳ ಬಾಯಿಂದ ಈಗ ಹೊರಟದ್ದು ಇದೊಂದೇ: "ಓದು ಬೇಗ ಹತ್ತದ ಮಗುವನ್ನ ಏನು ಮಾಡ್ತೀರಿ?"

"ಕಾಯ್ತೀವಿ," ಎಂದರು ಅವರು. "ಕಾಯೋದು ಅಂದರೆ ಸುಮ್ಮನೆ ಕೂರೋದಲ್ಲ. ಬನ್ನಿ."

ಗ್ರಂಥಾಲಯ ಎಂದರೆ ಒಂದು ಹಳೇ ಕೋಣೆ. ಅಪ್ಪ ಅಮ್ಮ ಕೆಲಸದಿಂದ ಬರುವವರೆಗೆ ಅದು ತೆರೆದಿರುತ್ತದಂತೆ. ಮಕ್ಕಳು ನೆಲದ ಮೇಲೆ ಬೋರಲು ಬಿದ್ದು ಓದುತ್ತಿದ್ದರು. ಮೂಲೆಯಲ್ಲಿ ಒಬ್ಬ ಹುಡುಗ ಮುನಿಸಿಕೊಂಡು ಗೋಡೆ ನೋಡುತ್ತಾ ಕೂತಿದ್ದ. ಅವನ ಪಕ್ಕ ಗೇಟಿನ ಬಳಿ ಬೈದು ನಕ್ಕಿದ್ದ ಟೀಚರು ಅದೇ ಗೋಡೆ ನೋಡುತ್ತಾ ಕೂತಿದ್ದಳು, ಏನೂ ಹೇಳದೆ. ಇವಳು ಬಹಳ ಹೊತ್ತು ಬಾಗಿಲಲ್ಲೇ ನಿಂತಳು.

"ಇದನ್ನ ನೋಡಿ ಮರುಳಾಗಬೇಡಿ," ಎಂದರು ಮುಖ್ಯೋಪಾಧ್ಯಾಯಿನಿ. "ವಿಜ್ಞಾನದ ಮೇಷ್ಟ್ರು ಹೋಗಿ ತಿಂಗಳುಗಳಾದವು, ಬದಲಿ ಬಂದಿಲ್ಲ. ಒಂದು ಕೋಣೆ ಸೋರುತ್ತೆ."

ಹೊರಗೆ ಬಂದರೆ ಇಸ್ತ್ರಿಯಾಕೆ ತನ್ನ ಅಂಗಡಿಯ ಬಾಗಿಲಲ್ಲಿ ಕಾಯುತ್ತಿದ್ದಳು. "ಬೇಜಾರು ಮಾಡ್ಕೋಬೇಡ ಅಂತ ನಾನು ಹೇಳಲ್ಲ. ನಾಳೆ ಇನ್ಯಾರಾದರೂ ಹಾಗೆ ನಿಂತರೆ ಇದನ್ನೇ ಮಾಡ್ತೀನಿ."

"ಮಾಡಬೇಕು ಅಕ್ಕ," ಎಂದಳು ಇವಳು. ಆಮೇಲೆ ತಡೆಯಲಾರದೆ, "ಇಲ್ಲಿ ಎಲ್ಲಾದರೂ ಮನೆ ಖಾಲಿ ಇದೆಯಾ?"

ಇಸ್ತ್ರಿಯಾಕೆ ಅವಳನ್ನೇ ದಿಟ್ಟಿಸಿದಳು. ಇವಳಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಅನುಮಾನ ಆ ಮುಖದಲ್ಲಿ ಸ್ಪಷ್ಟವಾಗಿತ್ತು.

ಮನೆಯಲ್ಲಿ ವಿಷಯ ಕೇಳಿ ಗಂಡ ಮೆಷಿನ್ ನಿಲ್ಲಿಸಿದ. "ನಿನ್ನನ್ನ ಮಕ್ಕಳ ಕಳ್ಳಿ ಅಂತ ಹಿಡಿದ ಕಡೆ ಸಂಸಾರ ಹೂಡೋಣ ಅಂತೀಯಾ?"

"ಅದಕ್ಕೇ ಅಂತೀನಿ ರೀ. ಇಲ್ಲಿ ನಮ್ಮ ಮಗಳ ಹಿಂದೆ ಯಾರಾದರೂ ಹೋದರೆ ಯಾರು ತಲೆ ಎತ್ತಿ ನೋಡ್ತಾರೆ ಹೇಳಿ."

"ಮೊದಲು ಮನೆ ನೋಡೋಣ," ಎಂದ ಅವನು. ಅಕ್ಕ ಫೋನಿನಲ್ಲೇ ಕೈಕಾಲು ಬಡಿದಳು: ವಿಜ್ಞಾನದ ಮೇಷ್ಟ್ರಿಲ್ಲದ ಶಾಲೆ ಅದೆಂಥ ಶಾಲೆ? ಅಕ್ಕ ಹೇಳಿದ್ದರಲ್ಲೂ ಹುರುಳಿತ್ತು. ಆ ಚಿಂತೆ ಇವಳನ್ನು ಬಿಡಲೂ ಇಲ್ಲ. ಆದರೆ ಕಾಲುವೆಯಾಚೆ ಖಾಲಿ ಇದ್ದ ಮನೆ ನೋಡಿದ ದಿನ ಗಂಡ ಗೋಡೆಯ ತೇವ ಮುಟ್ಟಿ, ನೆಲ ತುಳಿದು, ಕಿಟಕಿಯ ಚಿಲಕ ಅಲ್ಲಾಡಿಸಿ, "ತೇವಕ್ಕೆ ಏನಾದರೂ ಮಾಡಬೇಕು. ಬಾಡಿಗೆ ನಮ್ಮ ಕೈಗೆಟುಕುತ್ತೆ. ಮೆಷಿನ್ನಿಗೂ ಬೇರೆ ಕೋಣೆ ಇದೆ," ಎಂದ. ಅವನ ಭಾಷೆಯಲ್ಲಿ ಅದು ಒಪ್ಪಿಗೆ.

ಮನೆ ಬದಲಾಯಿಸಿದ ಮೇಲೆ ಎಲ್ಲ ಸಲೀಸಾಯಿತು ಎಂದರೆ ಸುಳ್ಳಾದೀತು. ಮಗಳು ಮೊದಲ ವಾರಗಳಲ್ಲಿ ಟೈರ್ ಅಂಗಡಿಯವರನ್ನು ನೆನೆಸಿಕೊಂಡು ಅತ್ತಳು. ರೈಲಿನ ಸದ್ದಿಗೆ ಗಂಡನ ನಿದ್ದೆ ಹಾರಿತು. ವಿಜ್ಞಾನಕ್ಕೆ ಹೊಸಬರು ಬಂದದ್ದು ಮರುವರ್ಷ.

ಆದರೆ ಒಂದು ಸಂಜೆ ಮಗಳು ಎಂದಿಗಿಂತ ತಡವಾಗಿ ಬಂದಳು. ಮೊಣಕಾಲು ಮಣ್ಣು, ಕೂದಲಲ್ಲಿ ಒಣಗಿದ ಎಲೆ, ಕೆನ್ನೆಯ ಮೇಲೆ ನೀಲಿ ಬಣ್ಣದ ಗೆರೆ. ಅವಳ ಹಿಂದೆ ಮೆಟ್ಟಿಲ ಕೆಳಗೆ ಯಾರೋ ಪಿಸುಗುಟ್ಟಿ ಓಡಿದ ಸದ್ದಾಯಿತು.

"ಎಲ್ಲಿಗೆ ಹೋಗಿದ್ದೆ?" ಎಂದಳು ತಾಯಿ.

"ಹೇಳಲ್ಲ. ಅದು ನಮ್ಮದು."

ತಾಯಿಯ ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಸಾಲುಗಟ್ಟಿದವು. ನಮ್ಮದು ಅಂದರೆ ಯಾರ್ಯಾರದು? ಆ ನೀಲಿ ಎಲ್ಲಿಯದು? ಬಯಲಿನ ಆಚೆ ಏನಾದರೂ ಇದೆಯಾ? ಮಗಳು ತುಟಿ ಬಿಗಿಹಿಡಿದು, ಕಣ್ಣಲ್ಲಿ ನಗು ಅದುಮಿಕೊಂಡು ನಿಂತಿದ್ದಳು. ತಾಯಿ ಪ್ರಶ್ನೆಗಳನ್ನೆಲ್ಲ ನುಂಗಿಕೊಂಡು, ಒದ್ದೆ ಬಟ್ಟೆ ತಂದು ಮಗಳ ಕೆನ್ನೆ ಒರೆಸಿದಳು. ನೀಲಿ ಪೂರ್ತಿ ಹೋಗಲಿಲ್ಲ.