ಸ್ವರವಿಲ್ಲದ ಚೀಟಿ

ಮೆಟ್ಟಿಲಿನ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು. ಮುಂದಿದ್ದವರು ಕೆಳಕ್ಕೆ ಎಳೆದರು, ಹಿಂದಿದ್ದವರು ಮೇಲಕ್ಕೆ ಎತ್ತಿದರು, ನಡುವೆ ಅಪ್ಪ ಒಂದು ಮಗ್ಗುಲಿಗೆ ವಾಲಿದ.

"ಗೋಡೆಗೆ ತಾಗಿಸಿ ಓರೆ ಮಾಡ್ರಪ್ಪ," ಎಂದ ಬೈಂಡರ್. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಅಪ್ಪನ ಪಕ್ಕದ ಮೇಜಿನಲ್ಲಿ ಪುಸ್ತಕ ಹೊಲಿದವನು. "ಜೀವಮಾನದಲ್ಲಿ ಯಾರ ದಾರಿಗೂ ಅಡ್ಡ ಬಂದೋನಲ್ಲ. ಇವತ್ತೊಂದಿನ ಬರ್ಲಿ ಬಿಡಿ."

ಯಾರೋ ನಕ್ಕರು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು. ಮಗಳು ಮೇಲಿನ ಮೆಟ್ಟಿಲಲ್ಲಿ ಚಪ್ಪಲಿಗಳನ್ನು ಪಕ್ಕಕ್ಕೆ ಸರಿಸುತ್ತಿದ್ದಳು. ಅವಳ ಪರ್ಸಿನಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಚೀಟಿಯಿತ್ತು. ನಿನ್ನೆ ಸಂಜೆ ಕೆಲಸದಿಂದ ಬಂದಾಗ ಅಪ್ಪ ಕುರ್ಚಿಯಲ್ಲೇ ತಣ್ಣಗಾಗಿದ್ದ. ಅವಳು ಮೊದಲು ಡಾಕ್ಟರನ್ನು ಕರೆಯಲಿಲ್ಲ. ಮೊದಲು ಚೀಟಿ ಅಡಗಿಸಿದಳು, ಆಮೇಲೆ ಡಾಕ್ಟರನ್ನು ಕರೆದಳು.

ಬೆಳಿಗ್ಗೆಯಿಂದ ಬಂದವರದೆಲ್ಲ ಒಂದೇ ರಾಗ. ಎಂಥ ಪುಣ್ಯದ ಸಾವು, ಕೈಯಲ್ಲಿ ಪೆನ್ಸಿಲ್ ಹಿಡಿದುಕೊಂಡೇ ಹೋದ, ನರಳಲಿಲ್ಲ, ಯಾರನ್ನೂ ನರಳಿಸಲಿಲ್ಲ. ನೀನೂ ಹೆತ್ತ ತಾಯಿಯ ಹಾಗೆ ನೋಡಿಕೊಂಡೆ ಎಂದು ಬೆನ್ನು ಸವರಿದರು. ಅವಳು ಹೂಂಗುಟ್ಟುತ್ತಾ ಹೋದಳು. ಒಂದೊಂದು ಹೊಗಳಿಕೆಗೂ ಪರ್ಸನ್ನು ಕಂಕುಳಿಗೆ ಇನ್ನಷ್ಟು ಒತ್ತಿಕೊಂಡಳು.

*

ಅಪ್ಪ ಓದಿದ್ದು ಏಳನೇ ಕ್ಲಾಸು. ಇಂಗ್ಲಿಷ್ ಮಾತಾಡಿದರೆ ಕೇಳುವವರಿಗೆ ನಗು ತಡೆಯುತ್ತಿರಲಿಲ್ಲ. ಆದರೆ ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಲು ಕೂತರೆ ಇಂಗ್ಲಿಷೇ ಅವನ ಮುಂದೆ ಕೈಕಟ್ಟಿ ನಿಲ್ಲುತ್ತಿತ್ತು. ಸವೆದ ಮೊಳೆಗಳನ್ನು ಜೇಬಿನಲ್ಲಿ ಹಾಕಿಕೊಂಡು ಬಂದು ಪುಟ್ಟ ಮಗಳ ಮುಂದೆ ಸುರಿಯುತ್ತಿದ್ದ. ಇದರಲ್ಲಿ ಎಷ್ಟು ಪದ ಅಡಗಿ ಕೂತಿವೆ, ಹಿಡಿ ನೋಡೋಣ ಎನ್ನುತ್ತಿದ್ದ. ಟಿ, ಆರ್, ಎ, ಐ, ಎನ್ ಎಂಬ ಐದು ಮೊಳೆಗಳಲ್ಲಿ ಒಂದು ರೈಲಿತ್ತು, ಒಂದು ಮಳೆಯಿತ್ತು, ಹುಡುಕಿದರೆ ಒಂದು ಇರುವೆಯೂ ಸಿಗುತ್ತಿತ್ತು. ಅವಳಿಗೆ ಔಷಧಿ ಅಂಗಡಿಯ ಕೆಲಸ ಸಿಕ್ಕಿದ್ದು ಆ ಇಂಗ್ಲಿಷಿನ ದಯೆಯಿಂದಲೇ.

ಮೂರು ವರ್ಷದಿಂದ ಅಪ್ಪನ ತಲೆ ಕೈಕೊಟ್ಟಿತ್ತು. ಉಂಡದ್ದು ಮರೆಯುತ್ತಿದ್ದ, ಒಲೆ ಆರಿಸುವುದು ಮರೆಯುತ್ತಿದ್ದ. ಪದ ಹುಡುಕುವುದೊಂದನ್ನು ಮಾತ್ರ ಮರೆಯಲಿಲ್ಲ. ದಿನಾ ಬೆಳಿಗ್ಗೆ ಅವಳು ಚೀಟಿಯಲ್ಲಿ ಏಳು ಅಕ್ಷರ ಬರೆದು, ನಾನು ಬರುವಷ್ಟರಲ್ಲಿ ಇಪ್ಪತ್ತು ಪದ ಬೇಕು ಎಂದು ಹೇಳಿ ಹೊರಗಿನಿಂದ ಬೀಗ ಹಾಕುತ್ತಿದ್ದಳು. ಇನ್ನೊಂದು ಬೀಗದಕೈ ಕೆಳಗಿನ ದರ್ಜಿಯ ಹತ್ತಿರ. ಮಧ್ಯಾಹ್ನ ಊಟ ಕೊಡುವವನು ಅವನೇ. ಚೀಟಿ ಮುಗಿಯುವವರೆಗೆ ಅಪ್ಪ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಬೀಗಕ್ಕಿಂತ ಚೀಟಿಯೇ ಗಟ್ಟಿ.

ಮೊನ್ನೆ ಮಾತ್ರ ಒಂದೇ ಗಂಟೆಯಲ್ಲಿ ಮುಗಿಸಿ, ನಲ್ಲಿ ಬಿಟ್ಟು ಮರೆತಿದ್ದ. ನೀರು ಸೋರಿ ದರ್ಜಿಯ ಅಂಗಡಿಯಲ್ಲಿ ಗಿರಾಕಿಗಳ ಬಟ್ಟೆಯೆಲ್ಲ ತೊಯ್ದಿತ್ತು. ಅವಳು ರಾತ್ರಿಯೆಲ್ಲ ನೆಲ ಒರೆಸಿದ್ದಳು. ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊತ್ತಾಗಿತ್ತು, ಮೈಯೆಲ್ಲ ಸಿಟ್ಟು. ಬಿ, ಎಫ್, ಜಿ, ಕೆ, ಎಲ್, ವಿ, ಎಕ್ಸ್ ಎಂದು ಗೀಚಿದಳು. ಒಂದೇ ಒಂದು ಸ್ವರವಿಲ್ಲ. ತಲೆಕೆಳಗಾಗಿ ನಿಂತರೂ ಅದರಲ್ಲಿ ಪದ ಹುಟ್ಟುವುದಿಲ್ಲ. ಬೇಕೆಂದೇ ಬರೆದಳು.

"ಇವತ್ತು ಸಂಜೆತನಕ ಆಯ್ತು ನಿಂಗೆ," ಎಂದಳು.

"ಆಯ್ತಮ್ಮ," ಎಂದು ಅಪ್ಪ ಪೆನ್ಸಿಲ್ ಹೆರೆಯಲು ಕೂತ.

*

ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಜನ ಒಬ್ಬೊಬ್ಬರಾಗಿ ಕರಗಿದರು. ಬೈಂಡರ್ ಕಣ್ಣೊರೆಸಿಕೊಂಡು ಬಸ್ಸು ಹಿಡಿಯಲು ಹೋದ. ಉದ್ದನೆಯ ಬೆಂಚಿನ ಮೇಲೆ ಮಗಳು ಮತ್ತು ದರ್ಜಿ ಇಬ್ಬರೇ ಉಳಿದರು. ಅವಳಿಗೆ ಇನ್ನು ತಡೆದುಕೊಳ್ಳಲು ಆಗಲಿಲ್ಲ. ಚೀಟಿ ತೆಗೆದು ದರ್ಜಿಯ ಕೈಗಿಟ್ಟು ಎಲ್ಲವನ್ನೂ ಹೇಳಿಬಿಟ್ಟಳು. ಇಲ್ಲದ ಪದ ಹುಡುಕಿ ಹುಡುಕಿ ಸತ್ತ, ಸಾಯೋ ಹೊತ್ತಿನಲ್ಲಿ ತನಗೆ ಅದೂ ಮರೆತುಹೋಯಿತು ಅಂದುಕೊಂಡೇ ಸತ್ತ ಎಂದಳು.

ದರ್ಜಿ ಚೀಟಿಯನ್ನು ಬಿಡಿಸಿ ನೋಡಿದ.

"ಅವರಿಗೆ ಗೊತ್ತಾಗಿತ್ತಮ್ಮ," ಎಂದ. "ಊಟ ಕೊಡೋಕೆ ಹೋದಾಗ ಇದನ್ನ ತೋರಿಸಿ ನಕ್ಕರು. ಇದರಲ್ಲಿ ಒಂದು ಪದಾನೂ ಇಲ್ಲ, ಪಾಪ, ನಿದ್ದೆಗೆಟ್ಟು ತಪ್ಪು ಬರೆದಿದ್ದಾಳೆ ಅಂದ್ರು."

ದರ್ಜಿ ಚೀಟಿಯನ್ನು ಮತ್ತೆ ಮಡಿಸಿದ.

"ಎದೆ ಹಿಡಿದ ಹಾಗಿದೆ ಅಂತಾನೂ ಅಂದ್ರು. ಡಾಕ್ಟರ ಹತ್ರ ಹೋಗಿಬರೋಣ ಏಳಿ ಅಂದೆ. ಬರಲಿಲ್ಲ. ಅವಳು ಬಂದಾಗ ನಾನಿಲ್ಲಿ ಕೂತು ಹುಡುಕ್ತಾ ಇರಬೇಕು, ಇಲ್ಲಾಂದ್ರೆ ತಪ್ಪು ತನ್ನದು ಅಂತ ಗೊತ್ತಾಗಿ ಬೇಜಾರು ಮಾಡ್ಕೋತಾಳೆ ಅಂದ್ರು." ದರ್ಜಿ ಚೀಟಿಯನ್ನು ಅವಳ ಕೈಗೆ ವಾಪಸ್ ಕೊಟ್ಟ. "ನಾನೂ ಬಲವಂತ ಮಾಡಲಿಲ್ಲ. ಒದ್ದೆ ಬಟ್ಟೆ ಇಸ್ತ್ರಿ ಮಾಡೋದಿತ್ತು."

ದರ್ಜಿ ಎದ್ದು, ಹೋಗೋಣ ಬಾಮ್ಮ ಎಂದು ಎರಡು ಸಲ ಕರೆದ. ಆಮೇಲೆ ಗೇಟಿನ ಹತ್ತಿರ ಹೋಗಿ ನಿಂತುಕೊಂಡ.

ನೆಲ ಒರೆಸಲು ಬಂದ ನೌಕರ, ಇನ್ನೂ ಎರಡು ಗಂಟೆ ಆಗುತ್ತೆ, ಕಾಯೋದು ಬೇಕಿಲ್ಲ, ಅಸ್ಥಿಗೆ ನಾಳೆ ಬನ್ನಿ ಎಂದ. ಅವಳು ಅಲ್ಲಾಡಲಿಲ್ಲ. ಒರೆಸುವ ಕೋಲು ಬೆಂಚಿನವರೆಗೆ ಬಂದಾಗ ಎರಡೂ ಕಾಲೆತ್ತಿ ಅವನಿಗೆ ಜಾಗ ಬಿಟ್ಟಳು. ಅವನು ಮುಂದೆ ಹೋದ ಮೇಲೆ ಒದ್ದೆ ನೆಲದ ಮೇಲೆ ಕಾಲಿಳಿಸಿ, ಮುಚ್ಚಿದ ಬಾಗಿಲಿನ ಕಡೆ ಮುಖ ಮಾಡಿ ಕೂತಳು.