ಊದಿ ಆರಿಸಿದ ಸೂಪು

ನೋಲಾಳ ಕೈಯೊಂದನ್ನು ಬಿಟ್ಟು ಆಲ್ಬಿ ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ಅವಳು ತನ್ನ ಹೆಂಡತಿ ಎಂಬುದು ಅವನಿಗೆ ಮರೆತು ಎಷ್ಟೋ ಕಾಲವಾಗಿತ್ತು. ಪ್ರಾಯದಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ ಅವನ ಪಾಲಿಗೆ ಅವಳು ಜೊತೆಯ ಆಳುಗಳಿಗೆ ಅಡುಗೆ ಮಾಡಿಹಾಕುವವಳು. ವೃದ್ಧಾಶ್ರಮದ ಈ ತುದಿಯಲ್ಲಿ ಅವಳ ಕೋಣೆ. ಆ ತುದಿಯಲ್ಲಿ, ಮರೆವಿನವರನ್ನಿಟ್ಟ ಬೀಗದ ಬಾಗಿಲಿನಾಚೆ, ಅವನದು. ಮಧ್ಯಾಹ್ನವಾಯಿತೆಂದರೆ ಅವಳು ತುಟಿಗೆ ಬಣ್ಣ ಹಚ್ಚಿಕೊಂಡು ಹೊರಡುತ್ತಿದ್ದಳು.

ಅಲ್ಲಿ ಚಳಿಗಾಲವಾದ ಆಗಸ್ಟಿನಲ್ಲಿ, ಡೆವನ್‌ಪೋರ್ಟಿನ ಸಮುದ್ರದ ಗಾಳಿ ಮೂಳೆ ಕೊರೆಯುವಾಗ, ಊರಿಗೆ ಫ್ಲೂ ಬಂತು. ಗಂಟಲು ಕೆರೆದರೂ ತಿಳಿಸಬೇಕು, ಅಂಥವರು ಕೋಣೆ ಬಿಟ್ಟು ಹೊರಬರಬಾರದು, ಊಟ ಅಲ್ಲಿಗೇ ಬರುತ್ತದೆ ಎಂದು ನರ್ಸ್ ಸೇಲಾ ಎಲ್ಲರಿಗೂ ಹೇಳಿದಳು. ತನಗೇ ಹಾಗಾದರೆ ಆಲ್ಬಿಗೆ ಉಣಿಸುವವರು ಯಾರು? ಹಿಂದೊಮ್ಮೆ ನೋಲಾ ಕಾಲು ಉಳುಕಿ ಮಲಗಿದ್ದಾಗ ಅವನು ತುಟಿ ಬಿಗಿದು ಕೂತು, ಅಂಗಿ ಜೋಲುವಷ್ಟು ಇಳಿದುಹೋಗಿದ್ದ.

ಗಂಟಲು ಕೆರೆದ ದಿನ ಅವಳು ಬಾರ್ಲಿ ಮಿಠಾಯಿಯೊಂದನ್ನು ದವಡೆಗಿಟ್ಟುಕೊಂಡಳು. ಚುಚ್ಚುಮದ್ದು ಹಾಕಿಸಿಕೊಂಡವಳಿಗೆ ಎಲ್ಲಿಯ ಫ್ಲೂ, ಇದು ಹೀಟರಿನ ಒಣಗಾಳಿ ಎಂದು ತನಗೆ ತಾನೇ ಹೇಳಿಕೊಂಡಳು.

ಬೀಗದ ಬಾಗಿಲಲ್ಲಿ ಸೇಲಾ ತಡೆದಳು. “ಹುಷಾರಾಗಿದೀರಾ ನೋಲಾ? ದನಿ ಯಾಕೋ ಒಡೆದಂಗಿದೆ.”

“ಬೆಳಿಗ್ಗೆಯಿಂದ ಯಾರೂ ಮಾತಾಡ್ಸಿಲ್ಲ ಕಣೆ. ತುಕ್ಕು ಹಿಡಿದಿದೆ.”

ಸೇಲಾ ಒಂದು ಗಳಿಗೆ ನೋಡಿ, ಮಾಸ್ಕು ಕೊಟ್ಟು, ಬೀಗ ತೆಗೆದಳು. ಮುಖ ಮುಚ್ಚಿದವರನ್ನು ಕಂಡರೆ ಆಲ್ಬಿ ಹೆದರುತ್ತಾನೆಂದು ನೋಲಾ ಒಳಗೆ ಹೋದವಳೇ ಅದನ್ನು ಅಂಗಿಯ ತೋಳಿನೊಳಗೆ ತುರುಕಿದಳು.

ಕುಂಬಳಕಾಯಿ ಸೂಪಿನ ಮೊದಲ ಚಮಚಕ್ಕೇ ಅವನು ಮುಖ ಸಿಂಡರಿಸಿದ. “ಬಾಯಿ ಸುಡೋಕೆ ಸಂಬಳ ಕೊಡ್ತಾರಾ ನಿಂಗೆ?”

“ತಡ್ಕೋ, ಊದಿ ಕೊಡ್ತೀನಿ.”

ಒಂದೊಂದು ಚಮಚವನ್ನೂ ಊದಿ ಊದಿ ಆರಿಸಿ ಅವನ ಬಾಯಿಗಿಟ್ಟಳು. ಬಟ್ಟಲು ಬರಿದಾಯಿತು. ಗೆದ್ದವಳಂತೆ ಕೋಣೆಗೆ ಮರಳಿದಳು.

ಅವಳ ಗಂಟಲು ಮಿಠಾಯಿಯಲ್ಲೇ ವಾಸಿಯಾಯಿತು. ಆಲ್ಬಿಗೆ ಜ್ವರ ಏರಿತು, ಕಫ ಎದೆಗಿಳಿಯಿತು, ರೋಗ ಪಕ್ಕದ ಕೋಣೆಗಳಿಗೂ ದಾಟಿತು. ಆ ಬಾಗಿಲು ಹೊರಗಿನ ಎಲ್ಲರಿಗೂ ಮುಚ್ಚಿತು. ಅಡುಗೆಯವಳೆಲ್ಲಿ ಎಂದು ಕೇಳುತ್ತ, ಯಾರು ಚಮಚ ಹಿಡಿದರೂ ತುಟಿ ಬಿಗಿಯುತ್ತ, ಅವನು ಹೋಗಿಬಿಟ್ಟ.

ಮಣ್ಣು ಮಾಡಿದ ಮಾರನೆಯ ದಿನ ಸೇಲಾ ಸೂಪಿನ ತಟ್ಟೆ ಹಿಡಿದು ಬಂದಾಗ ನೋಲಾ ಗೋಡೆ ನೋಡುತ್ತಲೇ ಹೇಳಿದಳು: “ಅವತ್ತು ನಂಗೆ ಗಂಟಲು ಕೆರೀತಿತ್ತು.”

ಸೇಲಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. “ದನಿ ಕೇಳಿದಾಗ್ಲೇ ಅನುಮಾನ ಬಂದಿತ್ತು. ನೀವು ಹೋಗದಿದ್ರೆ ಅವರಿಗೆ ಉಣಿಸೋ ಪಾಡು ನನ್ನ ತಲೆಗೆ ಬರ್ತಿತ್ತು. ಅದಕ್ಕೇ ಬೀಗ ತೆಗೆದೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೇಲಾ ಹೋದ ಮೇಲೆ ನೋಲಾ ಹಬೆಯಾಡುವ ಸೂಪನ್ನು ಚಮಚಕ್ಕೆ ತುಂಬಿದಳು. ಊದಲೆಂದು ತುಟಿ ತಾನಾಗಿಯೇ ಮುಂದೆ ಬಂತು. ಅದನ್ನು ಹಿಂದೆಳೆದುಕೊಂಡು, ನಾಲಿಗೆ ಬೊಬ್ಬೆಯೇಳುವಂತೆ ಸುಡುಸುಡುವುದನ್ನೇ ನುಂಗಿದಳು.